ಭಾಷಣಕ್ಕೆ ಸರಕು ಎಲ್ಲಿಂದ ತರುವುದು?



ನವೆಂಬರ್ ಬಂತೆಂದರೆ ಗ್ರಂಥಾಲಯದ ಬಾಗಿಲಲ್ಲಿ ಒಂದೇ ಮಾತು: "ಸರ್, ಒಂದ್ ಭಾಷಣ ಬರದ್ ಕೊಡ್ರೀ." ಒಂದನೇ ತಾರೀಖು ರಾಜ್ಯೋತ್ಸವ, 11ಕ್ಕೆ ಮೌಲಾನಾ ಆಜಾದರ ಜನ್ಮದಿನ, ಅಂದರೆ ರಾಷ್ಟ್ರೀಯ ಶಿಕ್ಷಣ ದಿನ. 14ರಿಂದ 20ರವರೆಗೆ ಸಹಕಾರ ಸಪ್ತಾಹ, ಅದೇ ವಾರ ಗ್ರಂಥಾಲಯ ಸಪ್ತಾಹವೂ ಹೌದು. ಇವುಗಳ ಜೊತೆಗೆ ಪಿಯುಸಿ ಭಾಷಾ ವಿಷಯಗಳಿಗೆ 20 ಆಂತರಿಕ ಅಂಕ ಬಂದ ಮೇಲೆ, ತರಗತಿಯಲ್ಲಿ ನಿಂತು ಮಾತಾಡುವ ಚಟುವಟಿಕೆಗಳೂ ಹೆಚ್ಚಿವೆ. ಬರೆದುಕೊಟ್ಟ ಭಾಷಣ ಬಾಯಿಪಾಠ ಆಗುತ್ತದೆ, ನಿಜ. ಆದರೆ ತೀರ್ಪುಗಾರರು ಕಡೆಗೆ "ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಒಂದು ಪ್ರಶ್ನೆ ಕೇಳಿದರೆ ಬಾಯಿಪಾಠದವರು ಅಲ್ಲೇ ನಿಂತುಬಿಡುತ್ತಾರೆ. ಅದಕ್ಕಾಗಿ, ಭಾಷಣ ಬರೆದುಕೊಡುವ ಬದಲು, ಭಾಷಣದ ಸರಕನ್ನು ಗ್ರಂಥಾಲಯದಲ್ಲಿ ಹುಡುಕುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾಗಾವಿಯನ್ನೇ ತೆಗೆದುಕೊಳ್ಳೋಣ. "ನಮ್ಮೂರು" ಎಂಬ ವಿಷಯ ಕೊಟ್ಟರೆ ನೀವು ಮೊಬೈಲಿನಲ್ಲಿ ನಾಗಾವಿ ಎಂದು ಟೈಪು ಮಾಡುತ್ತೀರಿ. ಕೂಡಲೇ ಬರುವುದು ಘಟಿಕಾಸ್ಥಾನದ ವಿವರ: ಹನ್ನೊಂದನೇ ಶತಮಾನದ ದೊಡ್ಡ ವಿದ್ಯಾಕೇಂದ್ರ, ಚಾಲುಕ್ಯರ ಕಾಲ, 1058ರ ಶಾಸನ. ಓದಿದವರ ಎದೆ ಉಬ್ಬುತ್ತದೆ. ಆದರೆ ಆ ನಾಗಾವಿ ನಮ್ಮದಲ್ಲ. ಅದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರದ್ದು. ಗದಗಿನ ಪಕ್ಕದ ನಮ್ಮ ನಾಗಾವಿಯಲ್ಲೂ ವಿಶ್ವವಿದ್ಯಾಲಯ ಇದೆ, ಆದರೆ ಅದು 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಒಂದೇ ಹೆಸರಿನ ಎರಡು ಊರು, ನಡುವೆ ಸಾವಿರ ವರ್ಷದ ಅಂತರ. ಮೊಬೈಲು ಇವೆರಡನ್ನೂ ಕಲಸಿ ಒಂದೇ ತಟ್ಟೆಯಲ್ಲಿ ಬಡಿಸುತ್ತದೆ. ಮುದ್ರಿತ ಶಾಸನ ಸಂಪುಟದಲ್ಲಾದರೆ ಈ ಗೊಂದಲ ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ಪ್ರತಿ ಶಾಸನದ ತಲೆಯ ಮೇಲೆ ಊರು, ತಾಲೂಕು, ಜಿಲ್ಲೆ ಮೂರನ್ನೂ ಕೊಟ್ಟಿರುತ್ತಾರೆ.

ಹಾಗೆಂದು ಆ ನಾಗಾವಿಯನ್ನು ಬಿಟ್ಟುಬಿಡಬೇಕಿಲ್ಲ. ಅಲ್ಲಿಯ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ್ದು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ. ಆ ಇಲಾಖೆಯ ಮೊದಲ ನಿರ್ದೇಶಕರು ಗುಲಾಮ್ ಯಜ್ದಾನಿ, ಅಜಂತದ ಚಿತ್ರಗಳ ಬಗ್ಗೆ ದೊಡ್ಡ ಸಂಪುಟಗಳನ್ನು ಹೊರತಂದವರು. ಶಾಸನದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರ ಲೆಕ್ಕವೂ ಇದೆ. ಅವರು ಪುಸ್ತಕ ಕಾಯುವವರು, ಅಂದರೆ ಇಂದಿನ ಗ್ರಂಥಪಾಲಕರು. ಗ್ರಂಥಾಲಯ ಸಪ್ತಾಹದ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ, ಊರು ಯಾವುದೆಂದು ಸರಿಯಾಗಿ ಹೇಳಿದರೆ.

ವಿಷಯ ಕೈಗೆ ಬಂದ ಕೂಡಲೇ ದಪ್ಪ ಪುಸ್ತಕ ಹುಡುಕಬೇಡಿ. ಮೊದಲು ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ತೆಗೆಯಿರಿ, ಒಟ್ಟು 14 ಸಂಪುಟ, ಅಕಾರಾದಿಯಾಗಿ ಇವೆ. ಅಲ್ಲಿ ಎರಡು ಪುಟ ಓದಿದರೆ ವಿಷಯದ ಎಲ್ಲೆ ಎಷ್ಟು ಎಂಬುದು ತಿಳಿಯುತ್ತದೆ. ಆಮೇಲೆ ಒಂದು ಪ್ರಶ್ನೆ ಮಾಡಿಕೊಳ್ಳಿ. "ಸಹಕಾರ ಚಳವಳಿ" ಎನ್ನುವುದು ಪ್ರಶ್ನೆ ಅಲ್ಲ, ಅದು ಶೀರ್ಷಿಕೆ. "ಸಹಕಾರ ಸಂಘ ಗದಗ ತಾಲೂಕಿನಲ್ಲೇ ಅಷ್ಟು ಬೇಗ ಯಾಕೆ ಹುಟ್ಟಿತು?" ಎನ್ನುವುದು ಪ್ರಶ್ನೆ. ಐದು ನಿಮಿಷದ ಭಾಷಣದಲ್ಲಿ, ನಿಧಾನವಾಗಿ ಆಡಿದರೆ, ಐದುನೂರು ಪದ ಹಿಡಿದರೆ ಹೆಚ್ಚು. ಅಷ್ಟರಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ಈಗ ಕಪಾಟಿಗೆ ಬನ್ನಿ. ಪುಸ್ತಕದ ಬೆನ್ನ ಮೇಲೆ ಅಂಟಿಸಿದ ಚೀಟಿಯ ಸಂಖ್ಯೆ ಅಲಂಕಾರಕ್ಕಲ್ಲ. ಬಹಳಷ್ಟು ಗ್ರಂಥಾಲಯಗಳಲ್ಲಿ ಅದು ಡ್ಯೂಯಿ ದಶಮಾಂಶ ವರ್ಗೀಕರಣ, ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದದ್ದು. ಅದರಲ್ಲಿ 297 ಇಸ್ಲಾಂ, 334 ಸಹಕಾರ, 598 ಪಕ್ಷಿಗಳು, 894.814 ಕನ್ನಡ ಸಾಹಿತ್ಯ, 954.87 ಕರ್ನಾಟಕದ ಇತಿಹಾಸ. ಇವಿಷ್ಟು ನೆನಪಿದ್ದರೆ ನಿಮ್ಮ ಅರ್ಧ ಭಾಷಣಗಳ ಕಪಾಟು ಸಿಕ್ಕಂತೆ.

ತೊಂದರೆ ಏನೆಂದರೆ, ಒಂದು ವಿಷಯ ಒಂದೇ ಕಪಾಟಿನಲ್ಲಿ ಇರುವುದಿಲ್ಲ. ಶಿಶುನಾಳ ಷರೀಫರನ್ನೇ (1819–1889) ನೋಡಿ. ಅವರ ತತ್ವಪದಗಳ ಸಂಗ್ರಹ ಕನ್ನಡ ಕಾವ್ಯದ ಕಪಾಟಿನಲ್ಲಿ. ಜೀವನಚರಿತ್ರೆ 920ರಲ್ಲಿ. ಸೂಫಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವರ ಅಧ್ಯಾಯ ಇದ್ದರೆ ಅದು 297.4ರಲ್ಲಿ. ರಹಮತ್ ತರೀಕೆರೆಯವರ "ಕರ್ನಾಟಕದ ಸೂಫಿಗಳು" ಪುಸ್ತಕವನ್ನು ಸಾಹಿತ್ಯದ ಕಪಾಟಿನಲ್ಲಿ ಹುಡುಕಿ "ಇಲ್ಲ ಸರ್" ಎಂದು ಬರುವವರಿಗೆ ನಾನು ಹೇಳುವುದು ಇದನ್ನೇ: ಎದುರಿನ ಸಾಲಿಗೂ ಹೋಗಿ ನೋಡಿ. ಕಾಗುಣಿತವೂ ಆಟ ಆಡಿಸುತ್ತದೆ. ಷರೀಫ, ಶರೀಫ, ಷರೀಫ್, ಶಿಶುನಾಳ, ಶಿಶುವಿನಹಾಳ, ಗದಗ, ಗದುಗು. ರಿಜಿಸ್ಟರಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು. ಲಕ್ಷ್ಮೇಶ್ವರದವರಿಗೆ ಇನ್ನೂ ಒಂದು ಕೆಲಸ ಹೆಚ್ಚು. ನಿಮ್ಮ ಊರಿನ ಹಳೆಯ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ತಿರುಳ್ಗನ್ನಡದ ಊರುಗಳಲ್ಲಿ ಅದನ್ನು ಎಣಿಸುತ್ತದೆ. ಲಕ್ಷ್ಮೇಶ್ವರ ಎಂದಷ್ಟೇ ಹುಡುಕಿದರೆ ಪುಲಿಗೆರೆ ಹೆಸರಿನ ಬರಹಗಳೆಲ್ಲ ಕೈತಪ್ಪುತ್ತವೆ.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ಅಚ್ಚಾದ ವರ್ಷ ನೋಡಿ. ಇದನ್ನು ಎಷ್ಟು ಹೇಳಿದರೂ ಸಾಲದು. ಗದಗ ಜಿಲ್ಲೆಯಾದದ್ದು 1997ರಲ್ಲಿ. ವಿಶ್ವಕೋಶದಲ್ಲಿ ಗದಗ ಬರುವ ಸಂಪುಟ ಅದಕ್ಕೂ ಮೊದಲೇ ಅಚ್ಚಾಗಿತ್ತು, ಹಾಗಾಗಿ ಅಲ್ಲಿ ನಮ್ಮೂರು ಧಾರವಾಡ ಜಿಲ್ಲೆಯ ತಾಲೂಕು ಕೇಂದ್ರ. ಅದು ತಪ್ಪಲ್ಲ, ಹಳೆಯದು. ಹತ್ತು ವರ್ಷ ಹಿಂದಿನ ಪುಸ್ತಕ ಜಿಲ್ಲೆಗೆ ಐದೇ ತಾಲೂಕು ಎನ್ನುತ್ತದೆ; ಲಕ್ಷ್ಮೇಶ್ವರ ಮತ್ತು ಗಜೇಂದ್ರಗಡ ಸೇರಿ ಈಗ ಏಳು. ಕಪ್ಪತಗುಡ್ಡ ವನ್ಯಜೀವಿಧಾಮವಾದದ್ದು 2019ರಲ್ಲಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ರಾಮ್ಸರ್ ತಾಣದ ಪಟ್ಟ ಸಿಕ್ಕಿದ್ದು 2024ರ ಜನವರಿಯಲ್ಲಿ. ಮಾಗಡಿಯ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಮಾತಾಡುವವರು ಹಕ್ಕಿಯ ಸ್ವಭಾವ, ವಲಸೆಯ ದಾರಿಯನ್ನು ಪುಸ್ತಕದಿಂದ ತೆಗೆದುಕೊಳ್ಳಬಹುದು, ರಾಮ್ಸರ್ ವಿಷಯಕ್ಕೆ ಪತ್ರಿಕೆಯ ಕಡತಕ್ಕೇ ಹೋಗಬೇಕು. ಜನಸಂಖ್ಯೆಗೆ ಜನಗಣತಿಯ ಜಿಲ್ಲಾ ಕೈಪಿಡಿ, ಮಳೆ ಬೆಳೆಗೆ ಪ್ರತಿ ವರ್ಷ ಬರುವ "ಜಿಲ್ಲಾ ಅಂಕಿ ಅಂಶಗಳ ನೋಟ". ಜನಗಣತಿಯಲ್ಲಿ ಮೊದಲು ತಾತ್ಕಾಲಿಕ ಅಂಕಿ, ಆಮೇಲೆ ಅಂತಿಮ ಅಂಕಿ ಬರುತ್ತವೆ. ಇಬ್ಬರ ಭಾಷಣದಲ್ಲಿ ಎರಡು ಸಂಖ್ಯೆ ಬರುವುದು ಅದರಿಂದಲೇ.

ಗ್ಯಾಸೆಟಿಯರ್ ಎನ್ನುವ ಪುಸ್ತಕವನ್ನು ನೀವು ಕಂಡಿರಲಿಕ್ಕಿಲ್ಲ. ಒಂದು ಜಿಲ್ಲೆಯ ನೆಲ, ನೀರು, ಬೆಳೆ, ಜನ, ಇತಿಹಾಸ, ಪೇಟೆ ಎಲ್ಲವನ್ನೂ ಸರಕಾರವೇ ಬರೆಸಿದ ಗ್ರಂಥ ಅದು. ಧಾರವಾಡದ್ದು 1884ರಲ್ಲಿ ಮುಂಬಯಿ ಸರಕಾರದಿಂದ ಬಂತು, ಮತ್ತೆ 1959ರಲ್ಲಿ ಹೊಸದಾಗಿ ಬಂತು. ಗದಗ, ಮುಂಡರಗಿಯ ವಿಷಯಕ್ಕೆ ಎರಡೂ ಬೇಕು. ಆದರೆ ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, ಸಂಸ್ಥಾನಗಳು ವಿಲೀನವಾದಾಗ ಅವು ಇತ್ತ ಸೇರಿದವು. ಬ್ರಿಟಿಷರ ಜಿಲ್ಲಾ ಅಂಕಿಗಳಲ್ಲಿ ಈ ಎರಡು ಊರು ಲೆಕ್ಕಕ್ಕಿಲ್ಲ. ಇಂದು ಒಂದು ತಾಸಿನ ಬಸ್ಸಿನ ದಾರಿಯಲ್ಲಿ ಅಂದು ಮೂರು ಆಡಳಿತಗಳಿದ್ದವು ಎನ್ನುವುದೇ ಒಂದು ಭಾಷಣಕ್ಕಾಗುವಷ್ಟು ವಿಷಯ.

ಈಗ ಒಂದು ವಿಷಯವನ್ನು ಪೂರ್ತಿ ಹಿಡಿದು ನೋಡೋಣ. ಸಹಕಾರ ಸಪ್ತಾಹಕ್ಕೆ ಗದಗ ಜಿಲ್ಲೆಯ ಪ್ರತಿಯೊಬ್ಬ ಭಾಷಣಕಾರ ಆಡುವ ಮಾತು: "ಏಷ್ಯಾ ಖಂಡದಲ್ಲೇ ಮೊಟ್ಟಮೊದಲ ಸಹಕಾರ ಸಂಘ ನಮ್ಮ ಕಣಗಿನಹಾಳದಲ್ಲಿ." ಚಪ್ಪಾಳೆ ಖಾತ್ರಿ. ಈ ಮಾತನ್ನು ಗ್ರಂಥಾಲಯದಲ್ಲಿ ತೂಗಿ ನೋಡುವುದು ಹೇಗೆ?

334ರ ಕಪಾಟಿನಲ್ಲಿ ಭಾರತದ ಸಹಕಾರ ಚಳವಳಿಯ ಯಾವುದೇ ಪಠ್ಯಪುಸ್ತಕದ ಮೊದಲ ಅಧ್ಯಾಯ ತೆರೆಯಿರಿ. ರೈತ ಸಾಹುಕಾರನ ಸಾಲದಲ್ಲಿ ಮುಳುಗಿದ್ದ ಕಾಲ ಅದು. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ದಂಗೆ ಎದ್ದು ಸಾಲಪತ್ರಗಳನ್ನು ಸುಟ್ಟಿದ್ದರು. ಮರುವರ್ಷವೇ ಶುರುವಾದ ದೊಡ್ಡ ಬರ ನಮ್ಮ ಭಾಗವನ್ನೂ ಹಣ್ಣುಮಾಡಿತು. ಮದ್ರಾಸ್ ಸರಕಾರ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯನ್ನು ಇಂಥ ಸಾಲವ್ಯವಸ್ಥೆಯ ಅಧ್ಯಯನಕ್ಕೆ ನೇಮಿಸಿತು. ಅವರ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಜರ್ಮನಿಯಲ್ಲಿ ರೈಫೈಸೆನ್ ಎಂಬಾತ ಹಳ್ಳಿಗರಿಗಾಗಿ ಕಟ್ಟಿದ ಪತ್ತಿನ ಸಂಘಗಳ ಮಾದರಿ ಅವರಿಗೆ ಹಿಡಿಸಿತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಅದರ ಮರುವರ್ಷ, 1905ರಲ್ಲಿ, ಕಣಗಿನಹಾಳದ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿಯ ಸಂಘ ನೋಂದಣಿಯಾಯಿತು. ಇಲ್ಲಿಯವರೆಗೆ ಗಟ್ಟಿ ನೆಲ.

ಈಗ "ಮೊದಲ" ಎನ್ನುವ ಪದಕ್ಕೆ ಬನ್ನಿ. ಅದೇ ಕಪಾಟಿನ ಪುಸ್ತಕಗಳೇ 1889ರ ಬರೋಡದ ಅನ್ಯೋನ್ಯ ಸಹಕಾರಿ ಮಂಡಳಿಯ ಹೆಸರು ಹೇಳುತ್ತವೆ. ಅದು ಪಟ್ಟಣದ ಸಂಘ, ಕಾಯ್ದೆ ಬರುವ ಮೊದಲಿನದು, ರೈತರದ್ದಲ್ಲ. ತಮಿಳುನಾಡಿನ ತಿರೂರಿನವರು ಮೊದಲ ಸಂಘ ತಮ್ಮದೇ ಎನ್ನುತ್ತಾರೆ. ಇನ್ನು ಏಷ್ಯಾ ಎಂದರೆ ಜಪಾನ್ ಕೂಡ ಏಷ್ಯಾವೇ, ಅಲ್ಲಿ ಸಹಕಾರ ಸಂಘಗಳ ಕಾನೂನು 1900ರಲ್ಲೇ ಬಂದಿತ್ತು. ಹಾಗಾದರೆ ಕಣಗಿನಹಾಳದ ಹಿರಿಮೆ ಸುಳ್ಳೇ? ಖಂಡಿತ ಅಲ್ಲ. "1904ರ ಕಾಯ್ದೆ ಬಂದ ಮರುವರ್ಷವೇ ನೋಂದಣಿಯಾದ, ಈ ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಂಘಗಳ ಸಾಲಿನಲ್ಲಿ ನಿಲ್ಲುವ, ಏಷ್ಯಾದಲ್ಲೇ ಮೊದಲನೆಯದೆಂದು ನಮ್ಮ ನಾಡು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಘ" ಎಂದು ಹೇಳಿ. ಚಪ್ಪಾಳೆ ಅಷ್ಟೇ ಬೀಳುತ್ತದೆ, ಎದುರಿನ ಬೆಂಚಿನಲ್ಲಿ ಕುಳಿತ ಅರ್ಥಶಾಸ್ತ್ರದ ಉಪನ್ಯಾಸಕರು ತಲೆಯೂ ಆಡಿಸುತ್ತಾರೆ. ನನ್ನ ಮಟ್ಟಿಗಂತೂ "ಮೊದಲ" ಎಂಬ ಪದಕ್ಕಿಂತ, ಕಾಯ್ದೆಯ ಮಸಿ ಆರುವ ಮೊದಲೇ ಒಂದು ಹಳ್ಳಿಯ ಗೌಡರಿಗೆ ಅದರ ಸುದ್ದಿ ಮುಟ್ಟಿ, ಅವರು ಊರನ್ನು ಒಪ್ಪಿಸಿದರಲ್ಲ, ಅದೇ ದೊಡ್ಡ ಕತೆ.

ಆ ಕತೆಯ ಒಳಗಿನ ವಿವರಕ್ಕೆ ಪುಸ್ತಕ ಸಾಲದು. ಕಣಗಿನಹಾಳ ನಮ್ಮ ತಾಲೂಕಿನ ಹಳ್ಳಿ. ಪ್ರಾಚಾರ್ಯರ ಪತ್ರ ತೆಗೆದುಕೊಂಡು ಇಬ್ಬರು ಮೂವರು ಕೂಡಿ ಹೋಗಿ, ಸಂಘದ ಕಚೇರಿಯಲ್ಲಿ ಹಳೆಯ ನಡಾವಳಿ ಪುಸ್ತಕ ತೋರಿಸುತ್ತಾರೋ ಕೇಳಿ. ನಡಾವಳಿಯಲ್ಲಿ ಕಂಡ ಒಂದು ಸಾಲು, ಅಂತರ್ಜಾಲದಿಂದ ತೆಗೆದ ಹತ್ತು ಪುಟಕ್ಕೆ ಸಮ.

ಆಜಾದರ ಭಾಷಣ ಮಾಡುವವರಿಗೆ ಬೇರೆಯೇ ಎಚ್ಚರಿಕೆ ಬೇಕು, ಅದು ಆವೃತ್ತಿಯದ್ದು. ಅವರ ಆತ್ಮಕಥನ "ಇಂಡಿಯಾ ವಿನ್ಸ್ ಫ್ರೀಡಮ್" 1959ರಲ್ಲಿ ಅಚ್ಚಾದಾಗ ಸುಮಾರು 30 ಪುಟಗಳನ್ನು ಅವರ ಇಚ್ಛೆಯಂತೆ ಹಿಂದಿಟ್ಟುಕೊಂಡಿದ್ದರು. ಆ ಪುಟಗಳನ್ನು ಮೊಹರು ಹಾಕಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಮೂವತ್ತು ವರ್ಷ ಇಟ್ಟಿದ್ದರು. ಪೂರ್ಣ ಪಾಠ ಹೊರಬಂದದ್ದು 1988ರಲ್ಲಿ. ವಿಭಜನೆಯ ಬಗ್ಗೆ ಆಜಾದರು ಏನೆಂದರು ಎಂದು ಹೇಳುವವರು ತಮ್ಮ ಕೈಯಲ್ಲಿರುವುದು ಯಾವ ಆವೃತ್ತಿ ಎಂದು ಮೊದಲು ನೋಡಿಕೊಳ್ಳಬೇಕು.

ಸೀರತ್ ಭಾಷಣಕ್ಕೆ, ಮಿಲಾದ್ ಕಾರ್ಯಕ್ರಮಕ್ಕೆ ನಿಲ್ಲುವವರಿಗೆ ಆಕರದ ಪಾಠ ಹೊರಗಿನವರು ಕಲಿಸಬೇಕಿಲ್ಲ. ಹದೀಸ್ ವಿದ್ಯೆಯಲ್ಲಿ ಸನದ್ ಎಂದರೇನು? ಈ ಮಾತನ್ನು ಯಾರು, ಯಾರಿಂದ ಕೇಳಿದರು ಎಂಬ ಸರಪಳಿ. ಮಾತು ಎಷ್ಟೇ ಸುಂದರವಿದ್ದರೂ ಸರಪಳಿಯ ಒಂದು ಕೊಂಡಿ ಸಡಿಲವಾದರೆ ವಿದ್ವಾಂಸರು ಅದನ್ನು ದುರ್ಬಲ ಎಂದು ಬರೆದಿಟ್ಟರು. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿಯವರು ಊರೂರು ತಿರುಗಿ ಮಾಡಿದ ಕೆಲಸ ಅದೇ. ವಿದ್ಯೆಗಾಗಿ ಚೀನಾದವರೆಗೂ ಹೋಗಬೇಕೆಂಬ ಅರ್ಥದ ಮಾತನ್ನು ಪ್ರವಾದಿವರ್ಯರ (ಸ) ವಚನವೆಂದು ನಮ್ಮ ವೇದಿಕೆಗಳಲ್ಲಿ ವರ್ಷವೂ ಕೇಳುತ್ತೇವೆ. ಹನ್ನೆರಡನೇ ಶತಮಾನದ ಇಬ್ನುಲ್ ಜೌಝಿಯವರು ಅದನ್ನು ಕಟ್ಟಿದ ವಚನಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ. ವಿದ್ಯಾರ್ಜನೆ ಪ್ರತಿ ಮುಸಲ್ಮಾನರ ಕರ್ತವ್ಯ ಎಂಬ ಅರ್ಥದ ವಚನ ಇಬ್ನ್ ಮಾಜಾ ಸಂಗ್ರಹದಲ್ಲಿದೆ, ಅದನ್ನು ಸಂಗ್ರಹದ ಹೆಸರು ಹೇಳಿಯೇ ಬಳಸಬಹುದು. ಕನ್ನಡದಲ್ಲಿ ಬೇಕೆಂದರೆ ಮಂಗಳೂರಿನ ಶಾಂತಿ ಪ್ರಕಾಶನದ ಪುಸ್ತಕಗಳಿವೆ. ಉರ್ದು ಓದಲು ಬಾರದವರು ಮನೆಯಲ್ಲಿ ದಾದಿ, ನಾನಾ ಯಾರಾದರೂ ಓದಬಲ್ಲವರಿದ್ದರೆ ಅವರ ಪಕ್ಕ ಪೆನ್ನು ಹಿಡಿದು ಕೂರಿ. ಅನುಮಾನ ಉಳಿದರೆ ಮಸೀದಿಯ ಇಮಾಮ್ ಸಾಹೇಬರನ್ನು ಕೇಳಿ.

ವಾಟ್ಸಾಪಿನಲ್ಲಿ ಬಂದ ಸಂದೇಶಕ್ಕೂ ಇದೇ ಸನದಿನ ಪರೀಕ್ಷೆ ಹಾಕಿ: "ಫಾರ್ವರ್ಡ್ ಆದದ್ದು" ಎಂದರೆ ಸರಪಳಿಯೇ ಇಲ್ಲ. ಮೊಬೈಲಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರೆಯುವ ಯಂತ್ರಗಳು ಈಗ ಬಂದಿವೆ. ವಿಷಯದ ಅಂದಾಜಿಗೆ ಅಡ್ಡಿಯಿಲ್ಲ. ಆದರೆ ಅವು ಇಲ್ಲದ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಧೈರ್ಯವಾಗಿ ಹೇಳಿಬಿಡುತ್ತವೆ. ಅದು ಹೇಳಿದ ಪುಸ್ತಕ ಕೈಯಲ್ಲಿ ಹಿಡಿದು ಆ ಪುಟ ನೋಡುವವರೆಗೂ ಭಾಷಣಕ್ಕೆ ಸೇರಿಸಬೇಡಿ.

ಕಾಲೇಜಿನ ಗ್ರಂಥಾಲಯ ಚಿಕ್ಕದು, ಒಪ್ಪುತ್ತೇನೆ. ಆದರೆ ಅದೊಂದೇ ಇಲ್ಲ. ನಿಮ್ಮ ಮನೆಪಟ್ಟಿ ಕಟ್ಟಿದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ತೆರಿಗೆಯ ಮೇಲೆ ನೂರಕ್ಕೆ 6. ಅಂದರೆ ಗದಗಿನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ನಿಮ್ಮ ಅಬ್ಬಾ ಆಗಲೇ ದುಡ್ಡು ಕೊಟ್ಟಿದ್ದಾರೆ. ಪರಾಮರ್ಶನ ಗ್ರಂಥಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಬರೆದುಕೊಳ್ಳಬೇಕು. ಹಳ್ಳಿಯಿಂದ ಬರುವವರಿಗೆ, ಸಂಜೆ ಪೇಟೆಯಲ್ಲಿ ನಿಲ್ಲಲು ಆಗದ ಹುಡುಗಿಯರಿಗೆ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೇ ಹತ್ತಿರ. 18 ವರ್ಷದೊಳಗಿನವರಿಗೆ ಅಲ್ಲಿ ಸದಸ್ಯತ್ವ ಉಚಿತ. ಮೊಬೈಲಿನಲ್ಲಿ ರಾಜ್ಯದ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯ ಇದೆ. ಆರ್ಕೈವ್ ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳು, ಮೇಲೆ ಹೇಳಿದ 1884ರ ಗ್ಯಾಸೆಟಿಯರ್ ಕೂಡ, ಪುಟಪುಟವಾಗಿ ಸಿಗುತ್ತವೆ. ಉರ್ದುವಿಗೆ ರೇಖ್ತಾ. ಪಂಚಾಯತ್ ರಾಜ್, ಗ್ರಾಮಾಭಿವೃದ್ಧಿ ಇಂಥ ವಿಷಯ ಬಂದರೆ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಕೂತು ಓದಲು ಅನುಮತಿ ಕೊಡುತ್ತಾರೋ, ಪ್ರಾಚಾರ್ಯರ ಪತ್ರದೊಂದಿಗೆ ವಿಚಾರಿಸಿ.

ಓದುವಾಗ ಪುಸ್ತಕದ ಫೋಟೋ ಹೊಡೆದುಕೊಂಡು ಹೋಗುವುದು ಈಗಿನ ರೂಢಿ. ಪುಟದ ಫೋಟೋ ಇರುತ್ತದೆ, ಪುಸ್ತಕ ಯಾವುದೆಂದು ಮನೆಗೆ ಹೋದ ಮೇಲೆ ನೆನಪಿರುವುದಿಲ್ಲ. ಒಳಪುಟಕ್ಕಿಂತ ಮೊದಲು ಶೀರ್ಷಿಕೆಯ ಪುಟದ ಫೋಟೋ ತೆಗೆಯಿರಿ. ಅದಕ್ಕಿಂತಲೂ ಪೋಸ್ಟ್‌ಕಾರ್ಡ್ ಗಾತ್ರದ ರಟ್ಟಿನ ಚೀಟಿಗಳು ಒಳ್ಳೆಯವು: ಒಂದು ಚೀಟಿಗೆ ಒಂದೇ ಸಂಗತಿ, ಕೆಳಗೆ ಲೇಖಕ, ಪುಸ್ತಕ, ವರ್ಷ, ಪುಟ. ವೇದಿಕೆಗೆ ಅದನ್ನೇ ಹಿಡಿದುಕೊಂಡು ಹೋಗಬಹುದು.

ಭಾಷಣದಲ್ಲಿ ಅಡಿಟಿಪ್ಪಣಿ ಇರುವುದಿಲ್ಲ, ಆಕರವನ್ನು ಬಾಯಲ್ಲೇ ಹೇಳಬೇಕು. "1959ರ ಧಾರವಾಡ ಜಿಲ್ಲಾ ಗ್ಯಾಸೆಟಿಯರ್ ಹೇಳುವಂತೆ" ಎಂದರೆ ಸಾಕು, ಪುಟಸಂಖ್ಯೆ ಬೇಡ, ಅದು ಚೀಟಿಯಲ್ಲಿ ಇರಲಿ. ಎರಡು ಪುಸ್ತಕ ಎರಡು ಮಾತು ಹೇಳಿದರೆ ಮುಚ್ಚಿಡಬೇಡಿ, ಎರಡನ್ನೂ ಹೇಳಿ ನಿಮಗೆ ಯಾವುದು ಸರಿ ಅನಿಸಿತು, ಯಾಕೆ ಎಂದು ಹೇಳಿ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಎದ್ದು ನಿಲ್ಲುವುದೇ ಅಲ್ಲಿ, ನೀವು ಮೊದಲೇ ಹೇಳಿಬಿಟ್ಟರೆ ಅವರಿಗೆ ಎದ್ದು ನಿಲ್ಲಲು ಏನೂ ಉಳಿಯುವುದಿಲ್ಲ.

ಗ್ಯಾಸೆಟಿಯರ್, ವಿಶ್ವಕೋಶದಂಥವು ಗ್ರಂಥಾಲಯದಲ್ಲಿ ಒಂದೊಂದೇ ಪ್ರತಿ ಇರುತ್ತವೆ. ಸ್ಪರ್ಧೆಯ ಹಿಂದಿನ ದಿನ ಎಲ್ಲರೂ ಒಟ್ಟಿಗೆ ಬಂದರೆ ಯಾರಿಗೂ ಸಿಗುವುದಿಲ್ಲ. ವಿಷಯ ಪ್ರಕಟವಾದ ಮರುದಿನವೇ, ಊಟದ ಬಿಡುವಿನಲ್ಲಿ, ನಿಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. "ಭಾಷಣ ಬರದ್ ಕೊಡ್ರೀ" ಎನ್ನುವವರಿಗೆ ಹೇಗೂ ಆ ಹಾಳೆಯನ್ನೇ ಕೇಳುತ್ತೇವೆ.